ಬಿಟ್ಟಿಯಲ್ಲ, ಮುಕ್ತ

ಕಳೆದ ತಿಂಗಳು ಸೋಮವಾರಪೇಟೆ ಕಡೆಯ ಒಂದು ಬೆಳೆಗಾರರ ಸಂಘ ತನ್ನ ವೆಬ್‌ಸೈಟ್ ಉದ್ಘಾಟಿಸಿತು. ನಿರೂಪಕರು ಮೈಕಿನಲ್ಲಿ, ‘ಪ್ರಶಸ್ತಿ ಬಂದಿರುವ ಬಿಟ್ಟಿ ಸಾಫ್ಟ್‌ವೇರಿನಲ್ಲೇ ಇದನ್ನು ಮಾಡಿಸಿದ್ದೇವೆ’ ಎಂದರು. ನನ್ನ ಹಿಂದೆ ಕೂತಿದ್ದ ಹಿರಿಯರೊಬ್ಬರು, ‘ಬಿಟ್ಟಿ ಸಿಗೋದಕ್ಕೆ ಪ್ರಶಸ್ತಿ ಯಾರು ಕೊಡ್ತಾರಪ್ಪ?’ ಎಂದು ಪಕ್ಕದವರನ್ನು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ತಪ್ಪಿದ್ದು ನಿರೂಪಕರ ಪದ. ಹೋಂಸ್ಟೇ ಕರಪತ್ರದಲ್ಲೂ ಶಾಲೆಯ ಆಮಂತ್ರಣದಲ್ಲೂ ಇದೇ ತಪ್ಪು ನೋಡಿ ನೋಡಿ ಸಾಕಾಗಿದೆ.

‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಆ ಹೆಸರು. ಒಡೆಯ ಕರೆದರೆ ಬಿಟ್ಟಿಯಾಳು ಹೋಗಲೇಬೇಕು, ಒಲ್ಲೆ ಎನ್ನುವ ಹಾಗಿಲ್ಲ. ‘ಬಿಟ್ಟಿ ಚಾಕರಿ’ ಎನ್ನುವಾಗ ಆ ಹಳೆಯ ಕಹಿ ಇವತ್ತಿಗೂ ನಾಲಿಗೆಗೆ ತಾಗುತ್ತದೆ. ತಾವಾಗಿಯೇ ಮುಂದೆ ಬಂದು ಸಾಫ್ಟ್‌ವೇರ್ ಬರೆದು, ತಿದ್ದಿ, ಎಲ್ಲರ ಕೈಗಿಟ್ಟವರ ಕೆಲಸಕ್ಕೆ ಈ ಪದವನ್ನು ಅಂಟಿಸುವುದು ಅನ್ಯಾಯ.

ಹಾಗಾದರೆ ‘ಉಚಿತ’? ಅದರ ಮೂಲಾರ್ಥ ‘ತಕ್ಕದ್ದು’. ಅನುಚಿತ, ಸಮಯೋಚಿತ, ಔಚಿತ್ಯ, ಇವುಗಳಲ್ಲೆಲ್ಲ ದುಡ್ಡಿನ ಸುಳಿವೇ ಇಲ್ಲ. ಕನ್ನಡದಲ್ಲಿ ‘ಹಣ ಕೊಡಬೇಕಿಲ್ಲ’ ಎಂಬ ಅರ್ಥ ಬಂದು ನೆಲೆಯೂರಿದೆ, ಇರಲಿ. ಆದರೆ ಅದು ಹೇಳುವುದು ಬೆಲೆಯನ್ನು ಮಾತ್ರ.

‘ಮುಕ್ತ’ ಹೇಳುವುದು ಹಕ್ಕನ್ನು. ಬಿಡಿಸು ಎಂಬರ್ಥದ ‘ಮುಚ್’ ಧಾತುವಿನಿಂದ ಬಂದ ಪದ ಅದು. ಮುಕ್ತ ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಒಳಗಿನ ಬರಹ, ಅಂದರೆ ಅದನ್ನು ನಡೆಸುವ ಸೂಚನೆಗಳನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚಬಹುದು. ‘ಆಕರ’ ಎಂದರೆ ಗಣಿ; ಗಣಿಯ ಬಾಗಿಲೇ ತೆರೆದಿರುವುದು ಮುಕ್ತ ಆಕರ. ಇಂಗ್ಲಿಷಿನವರಿಗೆ ಎರಡಕ್ಕೂ ‘ಫ್ರೀ’ ಎಂಬ ಒಂದೇ ಪದ. ಆ ಗೊಂದಲ ಅವರನ್ನು ಎಷ್ಟು ಕಾಡಿತೆಂದರೆ 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೊಸ ಹೆಸರನ್ನೇ ಕಟ್ಟಿಕೊಂಡರು. ನಮ್ಮಲ್ಲಿ ಎರಡಕ್ಕೂ ಬೇರೆಬೇರೆ ಪದ ಇದ್ದೂ ಅವರ ಗೊಂದಲವನ್ನು ಯಾಕೆ ಹೊತ್ತು ತರಬೇಕು?

ಹಕ್ಕು ಇದ್ದರೆ ಏನಾಗುತ್ತದೆ ನೋಡಿ. ಬಿ2 ಎಂಬ ಬ್ಲಾಗ್ ತಂತ್ರಾಂಶದ ಕೆಲಸ ನಿಂತುಹೋಗಿತ್ತು. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನೇ ಎತ್ತಿಕೊಂಡು, ಈಗ ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್ ಮಾಡಿದರು. ಬರೀ ಪುಕ್ಕಟೆಯಾಗಿದ್ದಿದ್ದರೆ ಬಿ2 ಅಲ್ಲಿಗೇ ಮುಗಿಯುತ್ತಿತ್ತು. 2005ರಲ್ಲಿ ಮ್ಯಾಂಬೊ ಎಂಬ ಅಂಥದೇ ತಂತ್ರಾಂಶದ ತಂಡದಿಂದ ಹೊರಬಂದವರು ಅದೇ ಬರಹದಿಂದ ಜೂಮ್ಲಾ ಕಟ್ಟಿದರು. ಸ್ವಾಹಿಲಿಯ ‘ಜುಮ್ಲಾ’ದಿಂದ ಬಂದ ಹೆಸರು, ‘ಎಲ್ಲರೂ ಒಟ್ಟಾಗಿ’ ಎಂದು ಅರ್ಥ. ಡ್ರೂಪಲ್‌ನ ಹೆಸರಿನ ಹಿಂದೆ ಒಂದು ಹಳ್ಳಿಯೇ ಇದೆ: ಈ ಇನ್ನೊಂದು ಮುಕ್ತ ತಂತ್ರಾಂಶವನ್ನು ಕಟ್ಟಿದ ಡ್ರೈಸ್ ಬ್ಯೂಟಾರ್ಟ್ ತಮ್ಮ ತಾಣಕ್ಕೆ ಡಚ್ ಭಾಷೆಯಲ್ಲಿ ಹಳ್ಳಿ ಎಂಬರ್ಥದ ‘ಡಾರ್ಪ್’ ಎಂದು ಹೆಸರಿಡಲು ಹೋಗಿ, ಬೆರಳು ತಪ್ಪಿ ‘ಡ್ರಾಪ್’ ಎಂದು ಒತ್ತಿದರು. ಅದೇ ಉಳಿಯಿತು; ಇಂಗ್ಲಿಷಿನ ‘ಡ್ರಾಪ್’ ಅಂದರೆ ಹನಿ, ಹನಿಗೆ ಡಚ್ಚರು ಹೇಳುವ ಪದದಿಂದ ಡ್ರೂಪಲ್ ಆಯಿತು.

ಇನ್ನು ಪ್ರಶಸ್ತಿ. ಬ್ರಿಟನ್ನಿನ ಪ್ಯಾಕ್ಟ್ ಪ್ರಕಾಶನ 2006ರಲ್ಲಿ ಇಂಥ ತಂತ್ರಾಂಶಗಳಿಗೆಂದೇ ಪ್ರಶಸ್ತಿ ಆರಂಭಿಸಿತು. ಮೊದಲ ವರ್ಷ ಜೂಮ್ಲಾ, ಮುಂದಿನ ಎರಡು ವರ್ಷ ಡ್ರೂಪಲ್, 2009ರಲ್ಲಿ ವರ್ಡ್‌ಪ್ರೆಸ್ ಗೆದ್ದವು. ಗೆದ್ದದ್ದು ತಂತ್ರಾಂಶ, ಅದನ್ನು ಕಟ್ಟಿದ ಸಮುದಾಯ. ಅದರಲ್ಲಿ ಮಾಡಿಸಿಕೊಂಡ ನಮ್ಮ ಸೈಟು ‘ಪ್ರಶಸ್ತಿ ವಿಜೇತ’ ಆಗುವುದಿಲ್ಲ. ಸೈಟು ಇಡುವ ಜಾಗಕ್ಕೆ (ಹೋಸ್ಟಿಂಗ್), ಅದರ ವಿಳಾಸಕ್ಕೆ (ಡೊಮೈನ್) ವರ್ಷ ವರ್ಷ ದುಡ್ಡು ಕಟ್ಟಲೇಬೇಕು, ಸೈಟು ಮಾಡಿಕೊಟ್ಟ ಹುಡುಗನಿಗೂ ಕೊಡಬೇಕು. ತಂತ್ರಾಂಶ ಮುಕ್ತ, ಹುಡುಗನ ದುಡಿಮೆಯೂ ಬಿಟ್ಟಿಯಲ್ಲ.

ಸಭೆ ಮುಗಿದ ಮೇಲೆ ಆ ಹಿರಿಯರ ಪಕ್ಕ ಕೂತು ಇದನ್ನು ಹೇಳಿದೆ. ನಾಟಿಗೆ ಮುಯ್ಯಾಳು ಹೋಗುವ ಹಾಗೆ ಎಂದಾಗ ಅವರಿಗೆ ಥಟ್ಟನೆ ಹೊಳೆಯಿತು: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸಂಘದ ಕಂಪ್ಯೂಟರಿನಲ್ಲಿ ವರ್ಡ್‌ಪ್ರೆಸ್‌ನ ಆಡಳಿತ ಪುಟ ತೆರೆದಿತ್ತು. ಎಡಮೇಲಿನ ಮೂಲೆಯ ಚಿಹ್ನೆ ಒತ್ತಿ, ಆ ಆವೃತ್ತಿಗೆ ದುಡಿದವರ ಹೆಸರಿರುವ ಪುಟ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹೆಸರುಗಳನ್ನು ಕೆಳಗೆ ಕೆಳಗೆ ಸರಿಸುತ್ತ ಹೋದರು. ‘ನಮ್ಮ ಕಡೆಯವರೂ ಸೇರಿಕೊಳ್ಳಬಹುದಾ?’ ಎಂದರು. ಕನ್ನಡಕ್ಕೆ ಅನುವಾದಿಸುವ ಕೆಲಸಕ್ಕೆ ಯಾರು ಬೇಕಾದರೂ ಕೈಹಾಕಬಹುದು ಎಂದೆ.