ಕಣ್ಣಿನ ಪರದೆ ಕೆಳಗೆ ನೀರು ನಿಂತಿದ್ಯಾ ಅಂತ ನೋಡೋದು ಹೇಗೆ

ಬಾಗಿಲ ಚೌಕಟ್ಟು ನಡುವೆ ಸೊಟ್ಟ ಕಾಣ್ತಿದೆ ಅಂತ ಅಮ್ಮ ಅಂದಾಗ ಕನ್ನಡಕದ ನಂಬರ್ ಬದಲಾಗಿರ್ಬೇಕು ಅಂತಲೇ ನಾವೆಲ್ಲ ಅಂದ್ಕೊಂಡ್ವಿ. ನಂಬರ್ ಸರಿಯಾಗೇ ಇತ್ತು, ತೊಂದ್ರೆ ಇದ್ದಿದ್ದು ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾದಲ್ಲಿ. ಎರಡೂ ಕಣ್ಣು ಬಿಟ್ಟು ನೋಡ್ತಿದ್ರೆ ಚೆನ್ನಾಗಿರೋ ಕಣ್ಣು ಇನ್ನೊಂದರ ಕೊರತೆನ ಮುಚ್ಚಿಬಿಡತ್ತೆ, ಹಾಗಾಗಿ ಎಷ್ಟೋ ಜನಕ್ಕೆ ಒಂದು ಕಣ್ಣು ಕೈಲಿ ಮುಚ್ಕೊಂಡು ನೋಡೋ ತನಕ ಗೊತ್ತೇ ಆಗಲ್ಲ.

ರೆಟಿನಾ ದಪ್ಪ ಕಾಲು ಮಿಲಿಮೀಟರ್ ಆಸುಪಾಸು, ಅಷ್ಟೇ. ಅದರ ನಡುವಿನ ಮ್ಯಾಕ್ಯುಲಾದಿಂದಲೇ ನಾವು ಓದೋದು, ಮುಖ ಗುರುತಿಸೋದು, ಸೂಜಿಗೆ ದಾರ ಪೋಣಿಸೋದು. ವಯಸ್ಸಾಗ್ತಾ ಅದರ ಕೆಳಗೆ ಡ್ರೂಸೆನ್ ಅನ್ನೋ ಹಳದಿ ಕಸ ಕೂರತ್ತೆ, ಕೆಲವರಲ್ಲಿ ಮೇಲಿನ ಜೀವಕೋಶಗಳು ನಿಧಾನಕ್ಕೆ ಸವೀತಾ ಹೋಗ್ತವೆ, ಇನ್ನು ಕೆಲವರಲ್ಲಿ ಕೆಳಗಿಂದ ಹೊಸ ರಕ್ತನಾಳ ಹುಟ್ಟಿ ಸೋರೋಕೆ ಶುರು ಮಾಡತ್ತೆ. ಈ ಕಾಯಿಲೆಗೆ ಮ್ಯಾಕ್ಯುಲರ್ ಡೀಜನರೇಶನ್ ಅಂತ ಹೆಸರು, ಮೊದಲನೆಯ ಥರಕ್ಕೆ ಡ್ರೈ, ಎರಡನೆಯದಕ್ಕೆ ವೆಟ್ ಅಂತಾರೆ. ವೆಟ್ ಆದ್ರೆ ಕಾಯೋಕಾಗಲ್ಲ, ಕಣ್ಣಿಗೆ ಇಂಜೆಕ್ಷನ್ ಬೇಗ ಶುರುವಾಗ್ಬೇಕು.

ಕಣ್ಣಿನ ಒಳಗೆ ಇಣುಕೋ ಉಪಕರಣನ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ಜಗತ್ತಿಗೆ ತೋರಿಸಿದ್ದ. ಆದ್ರೆ ಎದುರಿಂದ ನೋಡಿದ್ರೆ, ಫೋಟೋ ತೆಗೆದ್ರೂ, ಕಾಣೋದು ಮೇಲ್ಮೈನೇ ಜಾಸ್ತಿ, ಪದರಗಳ ನಡುವೆ ನೀರು ನಿಂತಿದ್ಯಾ ಅನ್ನೋದು ಸಣ್ಣ ಪ್ರಮಾಣದಲ್ಲಿದ್ರೆ ಅನುಭವಿ ಕಣ್ಣಿಗೂ ತಪ್ಪಿಹೋಗ್ಬಹುದು.

ಅಲ್ಲೇ ಓಸಿಟಿ ಬಂದಿದ್ದು, ಅಂದ್ರೆ ಬೆಳಕು ಬಿಟ್ಟು ರೆಟಿನಾದ ಪದರಗಳನ್ನ ಅಡ್ಡ ಸೀಳಿದ ಹಾಗೆ ತೋರಿಸೋ ಸ್ಕ್ಯಾನ್ (ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ). 1991ರಲ್ಲಿ ಎಂಐಟಿಯ ಫುಜಿಮೋಟೊ, ಹುವಾಂಗ್, ಸ್ವಾನ್ಸನ್ ಮತ್ತವರ ಜೊತೆಗಾರರು ಇದನ್ನ ಪ್ರಕಟಿಸಿದ್ರು, ಈ ಮೂವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡೋ ಲಾಸ್ಕರ್ ಪ್ರಶಸ್ತಿ ಬಂತು. ಕೆಲಸ ಅಲ್ಟ್ರಾಸೌಂಡ್ ಥರಾನೇ, ಶಬ್ದದ ಬದಲು ಬೆಳಕು. ಆದ್ರೆ ಬೆಳಕು ಎಷ್ಟು ಬೇಗ ವಾಪಸ್ ಬಂತು ಅಂತ ಗಡಿಯಾರ ಹಿಡಿದು ಅಳೆಯೋಕೆ ಆಗೋ ಮಾತಲ್ಲ, ಅದಕ್ಕೆ ಒಂದೇ ಬೆಳಕನ್ನ ಎರಡು ಪಾಲು ಮಾಡಿ ಒಂದನ್ನ ಕಣ್ಣಿಗೆ, ಇನ್ನೊಂದನ್ನ ಕನ್ನಡಿಗೆ ಕಳಿಸಿ, ಎರಡೂ ವಾಪಸ್ ಬಂದು ಸೇರಿದಾಗ ಅಲೆಗಳು ಹೇಗೆ ಬೆರೀತವೆ ಅನ್ನೋದ್ರಿಂದ ಆಳ ಲೆಕ್ಕ ಹಾಕ್ತಾರೆ. ಈಗಿನ ಮಷಿನ್‌ಗಳು ಸುಮಾರು 5 ಮೈಕ್ರಾನ್‌ವರೆಗಿನ ವಿವರ ಬಿಡಿಸಿ ತೋರಿಸ್ತವೆ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಸೆಕೆಂಡಿಗೆ ಸಾವಿರಾರು ಗೆರೆ ಓದ್ತವೆ.

ಗಲ್ಲ ಸ್ಟ್ಯಾಂಡ್ ಮೇಲಿಟ್ಟು, ಹಣೆ ಪಟ್ಟಿಗೆ ಒತ್ತಿ, ಒಳಗಿನ ಚುಕ್ಕೆ ನೋಡ್ತಾ ಕೂತ್ರೆ ಮುಗೀತು, ಯಾವುದೂ ಕಣ್ಣಿಗೆ ತಾಗಲ್ಲ. ಡಾಕ್ಟರ್ ಅಮ್ಮನ ಚಿತ್ರ ನಮ್ಮ ಕಡೆ ತಿರುಗಿಸಿದ್ರು. ಕಪ್ಪು ಬಿಳುಪಿನ ಪದರಗಳು ಮಣ್ಣು ಕಡಿದ ದಿಬ್ಬದ ಗೋಡೆ ಥರ ಒಂದರ ಮೇಲೊಂದು, ನಡುವೆ ಇರಬೇಕಾದ ಸಣ್ಣ ತಗ್ಗು ಇಲ್ಲ, ಆ ಜಾಗದಲ್ಲಿ ಉಬ್ಬು, ಉಬ್ಬಿನ ಕೆಳಗೆ ಕಡುಕಪ್ಪು ಪಟ್ಟೆ. ಅದೇ ನೀರು. ಬೆಳಕನ್ನ ವಾಪಸ್ ಕಳಿಸೋಕೆ ಅಲ್ಲಿ ಏನೂ ಇಲ್ಲ, ಅದಕ್ಕೇ ಕಪ್ಪು. ಚೌಕಟ್ಟು ಯಾಕೆ ಸೊಟ್ಟ ಕಂಡಿತ್ತು ಅಂತ ಆಗ ಅರ್ಥವಾಯ್ತು, ಪರದೆಯೇ ಸೊಟ್ಟಗಾಗಿತ್ತಲ್ಲ.

ಎಲ್ಲಿಂದ ಸೋರ್ತಿದೆ ಅಂತ ತಿಳೀಬೇಕಂದ್ರೆ ಇನ್ನೂ ಡೈ ಟೆಸ್ಟ್ ಮಾಡ್ತಾರೆ. ನೊವೋಟ್ನಿ, ಆಲ್ವಿಸ್ ಅನ್ನೋರು 1961ರಲ್ಲಿ ತೋರಿಸಿಕೊಟ್ಟಿದ್ದು. ತೋಳಿನ ರಕ್ತನಾಳಕ್ಕೆ ಫ್ಲೋರೆಸಿನ್ ಅನ್ನೋ ಬಣ್ಣ (ಡೈ) ಕೊಟ್ಟು ಕಣ್ಣಿಗೆ ನೀಲಿ ಬೆಳಕು ಬಿಟ್ರೆ ಅದು ಹಸಿರಾಗಿ ಹೊಳೆಯತ್ತೆ, ಸೋರೋ ಜಾಗದಲ್ಲಿ ಹೊಳಪು ಹರಡ್ತಾ ಹೋಗತ್ತೆ. ಕೆಲವರಿಗೆ ವಾಕರಿಕೆ ಬರತ್ತೆ, ಅಪರೂಪಕ್ಕೆ ತೀವ್ರ ಅಲರ್ಜಿನೂ ಆಗ್ಬಹುದು, ಹಾಗಾಗಿ ಮೊದಲಿಂದ ಏನಾದ್ರೂ ಅಲರ್ಜಿ ಇದ್ರೆ ಹೇಳ್ಬಿಡಿ. ಆಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ.

ಡೈ ಇಲ್ಲದೆ ರಕ್ತನಾಳ ತೋರಿಸೋ ಓಸಿಟಿ ಆಂಜಿಯೋಗ್ರಫಿನೂ ಇದೆ, ಒಂದೇ ಜಾಗನ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಬದಲಾಗಿದ್ದು ಎಲ್ಲಿದೆಯೋ ಅಲ್ಲಿ ರಕ್ತ ಓಡ್ತಿದೆ ಅಂತ ಲೆಕ್ಕ ಹಾಕತ್ತೆ. ನಂಗೆ ಇದು ಬಹಳ ಇಷ್ಟವಾದ ಉಪಾಯ, ಆದ್ರೆ ಸೋರಿಕೆ ಇದರಲ್ಲಿ ಕಾಣಲ್ಲ, ಹಾಗಾಗಿ ಡೈ ಟೆಸ್ಟ್‌ಗೆ ಪೂರ್ತಿ ಬದಲಿ ಅಲ್ಲ. ಡ್ರೈ ಇದ್ದವರಿಗೆ ಆಟೋಫ್ಲೋರೆಸೆನ್ಸ್, ಅಂದ್ರೆ ಡೈ ಇಲ್ಲದೆ ರೆಟಿನಾ ತಾನಾಗೇ ಹೊಳೆಯೋದನ್ನ ಚಿತ್ರ ತೆಗೆಯೋ ಪರೀಕ್ಷೆ, ಮಾಡ್ತಾರೆ, ಜೀವಕೋಶ ಸತ್ತ ಜಾಗ ಅದರಲ್ಲಿ ಕಪ್ಪು ತೇಪೆಯಾಗಿ ಕಾಣತ್ತೆ, ತೇಪೆ ವರ್ಷದಿಂದ ವರ್ಷಕ್ಕೆ ಎಷ್ಟು ಹರಡ್ತು ಅಂತ ಅಳೆಯಬಹುದು.

ಅಮ್ಮನ ಮುಂದಿನ ಸ್ಕ್ಯಾನ್‌ನಲ್ಲಿ ಮಷಿನ್ ರೆಟಿನಾದ ರಕ್ತನಾಳಗಳ ಗುರುತು ಹಿಡಿದು ಹಿಂದಿನ ಸಲದ ಅದೇ ಜಾಗಕ್ಕೇ ಗೆರೆ ಹಾಕಿತ್ತು. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ವಿ, ಕಪ್ಪು ಪಟ್ಟೆ ಅರ್ಧಕ್ಕಿಂತ ತೆಳುವಾಗಿತ್ತು.