ಡಿಸೆಂಬರಿನಲ್ಲೂ ಒಣಗುವ ಬಾಯಿ

ನಮ್ಮ ರಾಯಚೂರಿನಲ್ಲಿ ಬಾಯಿ ಒಣಗುತ್ತದೆ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಒಣಗದೆ ಇನ್ನೇನಾಗಬೇಕು? ಬಾಯಲ್ಲಿ ಹುಣ್ಣಾದರೂ ಅದೇ ಉತ್ತರ: "ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ."

ನಮ್ಮ ಚಿಕ್ಕಮ್ಮನೂ ಎರಡು ವರ್ಷ ಮಜ್ಜಿಗೆ ಕುಡಿದಳು. ಖಡಕ್ ರೊಟ್ಟಿ, ಶೇಂಗಾ ಪುಡಿ ಅಂದರೆ ಆಕೆಗೆ ಪ್ರಾಣ. ಬರಬರುತ್ತಾ ಆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ತುತ್ತಿಗೊಂದು ಗುಟುಕು ನೀರು ಕುಡಿದು ನುಂಗತೊಡಗಿದಳು. ಕಣ್ಣಲ್ಲಿ ಉಸುಕು ಬಿದ್ದಂತಿದೆ ಎಂದಳು. ಧೂಳು ಅಂದೆವು. ವಸಡಿನ ಅಂಚಿನಲ್ಲೇ ಹಲ್ಲುಗಳು ಒಂದಾದ ಮೇಲೊಂದು ಹುಳುಕಾದವು. ಡಿಸೆಂಬರ್ ಚಳಿಯಲ್ಲೂ ರಾತ್ರಿ ಎದ್ದು ನೀರು ಕುಡಿಯುವುದು ನಿಲ್ಲಲಿಲ್ಲ. ಕೊನೆಗೆ ಹಲ್ಲಿನ ಡಾಕ್ಟರೇ ಕೇಳಿದರು: "ಅಮ್ಮಾರೆ, ಅತ್ತರ ಕಣ್ಣೀರು ಬರ್ತಾವೇನ್ರಿ?"

ಬರುತ್ತಿರಲಿಲ್ಲ. ಅದು ಶೋಗ್ರೆನ್ ಸಿಂಡ್ರೋಮ್. 1933ರಲ್ಲಿ ಹೆನ್ರಿಕ್ ಶೋಗ್ರೆನ್ ಎಂಬ ಸ್ವೀಡನ್ನಿನ ಕಣ್ಣಿನ ವೈದ್ಯರು ಕಣ್ಣು ಒಣಗಿದ 19 ಹೆಂಗಸರ ಬಗ್ಗೆ ಪ್ರಬಂಧ ಬರೆದಿದ್ದರು. ಅವರಲ್ಲಿ 13 ಜನಕ್ಕೆ ಕೀಲುನೋವೂ ಇತ್ತು. ಇಂದಿಗೂ ಈ ಕಾಯಿಲೆ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ರೋಗಾಣುಗಳ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ಜೊಲ್ಲಿನ, ಕಣ್ಣೀರಿನ ಗ್ರಂಥಿಗಳೊಳಗೆ ನುಗ್ಗಿ ಬೀಡುಬಿಡುತ್ತವೆ. ಒರತೆ ಬತ್ತುತ್ತದೆ.

ಜೊಲ್ಲು ಅಂದರೆ ಸುಮ್ನೆ ನೀರಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುತ್ತದೆ. ಬಾಯಿಯ ಆಮ್ಲವನ್ನು ಮುರಿಯುತ್ತದೆ, ಹಲ್ಲು ಕಳೆದುಕೊಂಡ ಕ್ಯಾಲ್ಸಿಯಂ ಮರಳಿಸುತ್ತದೆ. ಎಷ್ಟು ಕೊಡ ನೀರು ಕುಡಿದರೂ ಆ ಕೆಲಸ ಆಗುವುದಿಲ್ಲ. ಬಾಯಿ ಒಣಗಿತೆಂದು ಪೆಪ್ಪರಮಿಂಟು ಚೀಪಿದರಂತೂ ಹುಳುಕಿಗೆ ಹಬ್ಬ. ಹಾಗಂತ ಬಾಯಿ ಒಣಗಿದವರಿಗೆಲ್ಲ ಇದೇ ರೋಗ ಅಂತಲ್ಲ. ಸಕ್ಕರೆ ಕಾಯಿಲೆ ಇರಬಹುದು, ಅಲರ್ಜಿಯ ಅಥವಾ ಖಿನ್ನತೆಯ ಮಾತ್ರೆ ಇರಬಹುದು. ಅದಕ್ಕೇ ಪರೀಕ್ಷೆ ಬೇಕು. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. 5 ಮಿಲಿಮೀಟರ್ ಕೂಡ ದಾಟಿ ಒದ್ದೆಯಾಗದಿದ್ದರೆ ಅನುಮಾನ ಗಟ್ಟಿ. ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ, ಅಂದರೆ ದೇಹದ ಮೇಲೇ ತಿರುಗಿಬಿದ್ದ ರಕ್ಷಣಾ ಪ್ರೊಟೀನು, ಹುಡುಕುತ್ತಾರೆ. ಬೇಕಾದರೆ ಕೆಳತುಟಿಯ ಒಳಗಿನಿಂದ ಪುಟ್ಟ ಗ್ರಂಥಿಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

"ಉಷ್ಣ"ದ ಖಾತೆಗೆ ಹೋಗುವ ಇನ್ನೊಂದು ಕಾಯಿಲೆ ಪೆಂಫಿಗಸ್ ವಲ್ಗಾರಿಸ್, ಬಾಯಲ್ಲೂ ಚರ್ಮದಲ್ಲೂ ಗುಳ್ಳೆ ಏಳಿಸುವಂಥದ್ದು. ನನಗೆ ಇದು ಎಲ್ಲಕ್ಕಿಂತ ಸೋಜಿಗ. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡಲು ಡೆಸ್ಮೊಗ್ಲೀನ್ 1 ಮತ್ತು 3 ಎಂಬ ಎರಡು ಬಗೆಯ ಪ್ರೊಟೀನುಗಳಿವೆ. ಬಾಯಿಯ ಒಳಪದರ ಮಾತ್ರ ಹೆಚ್ಚಾಗಿ 3ನ್ನೇ ನೆಚ್ಚಿಕೊಂಡಿದೆ. ಈ ರೋಗದಲ್ಲಿ ಪ್ರತಿಕಾಯಗಳು ಮೊದಲು ಬೀಳುವುದು ಸಾಮಾನ್ಯವಾಗಿ ಆ 3ರ ಮೇಲೆ. ಚರ್ಮ 1ರ ಬಲದಲ್ಲಿ ತಾಳಿಕೊಳ್ಳುತ್ತದೆ, ಬಾಯಿ ಸುಲಿಯುತ್ತದೆ. ಮೈಮೇಲೆ ಗುಳ್ಳೆ ಏಳುವ ಎಷ್ಟೋ ತಿಂಗಳು ಮೊದಲೇ ಮಿರ್ಚಿ ಬಜ್ಜಿ ಮುಟ್ಟಲಾಗದಂತಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ ಲೂಪಸ್ ಇದಕ್ಕೆ ತದ್ವಿರುದ್ಧ. ಅಂಗುಳಿನ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ. ನೋಯದ್ದನ್ನು ಯಾರು ಬಾಯಿ ತೆರೆದು ನೋಡುತ್ತಾರೆ, ಅಲ್ವಾ?

ಸಾಮಾನ್ಯ ಬಾಯಿಹುಣ್ಣು ಎರಡು ವಾರದಲ್ಲಿ ಮಾಯುತ್ತದೆ. ಮಾಯದಿದ್ದರೆ ತೋರಿಸಲೇಬೇಕು. ಗುಟ್ಕಾ ಜಗಿಯುವ ನಮ್ಮ ಕಡೆ ಅದು ಕ್ಯಾನ್ಸರ್ ಕೂಡ ಆಗಿರಬಹುದು.

ಶೋಗ್ರೆನ್ ಪೂರ್ತಿ ವಾಸಿಯಾಗುವುದಿಲ್ಲ. ಉಳಿದಿರುವ ಗ್ರಂಥಿಗಳನ್ನು ಚುರುಕುಗೊಳಿಸಲು ಚಿಕ್ಕಮ್ಮನಿಗೆ ಪಿಲೋಕಾರ್ಪಿನ್ ಮಾತ್ರೆ ಕೊಟ್ಟಿದ್ದಾರೆ. ಬಾಯಿ ಈಗ ಸ್ವಲ್ಪ ಹಸಿ ಇರುತ್ತದೆ, ಮೆತ್ತನೆಯ ರೊಟ್ಟಿ ಇಳಿಯುತ್ತದೆ. ಆದರೆ ಆ ಮಾತ್ರೆ ಬೆವರನ್ನೂ ಜಾಸ್ತಿ ಮಾಡುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಅದೊಂದು ಬೇರೆಯೇ ಫಜೀತಿ.