ಲಾಂಗ್ ರನ್ ಆದ ಮೂರನೆಯ ದಿನದ ಕಾಲುನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೇ?

ಪ್ರಶ್ನೆ: “ಭಾನುವಾರ 28 ಕಿಲೋಮೀಟರ್ ಓಡಿದೆ. ಅಂದು ಏನೂ ಅನ್ನಿಸಲಿಲ್ಲ. ಸೋಮವಾರ ತೊಡೆ ಬಿಗಿಯಿತು, ಮಂಗಳವಾರ ಮೆಟ್ಟಿಲು ಇಳಿಯಲಾಗಲಿಲ್ಲ. ಕಾಲಿನಲ್ಲಿ ಸೇರಿಕೊಂಡಿರುವ ಲ್ಯಾಕ್ಟಿಕ್ ಆಮ್ಲವನ್ನು ಬೇಗ ಹೊರಹಾಕಲು ಏನು ಮಾಡಬೇಕು?”

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೆಂಬ ಲೆಕ್ಕವನ್ನು ನಾನು ಎಂದೋ ಕೈಬಿಟ್ಟಿದ್ದೇನೆ. ಕೇಳುವವರು ಬದಲಾಗುತ್ತಾರೆ, ಓಡಿದ ದೂರ ಬದಲಾಗುತ್ತದೆ, ನೋವು ಒಮ್ಮೆ ತೊಡೆಯಲ್ಲಿದ್ದರೆ ಇನ್ನೊಮ್ಮೆ ಮೀನಖಂಡದಲ್ಲಿರುತ್ತದೆ. ಲ್ಯಾಕ್ಟಿಕ್ ಆಮ್ಲ ಮಾತ್ರ ಕದಲದೆ ಕುಳಿತಿರುತ್ತದೆ. ಹಾಗಾಗಿ ಈ ಬಾರಿ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿ ಸುಮ್ಮನಿರಬಹುದು. ಚಿಕ್ಕ ಉತ್ತರ ಬೇಕಾದವರಿಗೆ ಇಷ್ಟು ಸಾಕು: ಹೊರಹಾಕಲು ನೀವು ಏನೂ ಮಾಡಬೇಕಾಗಿಲ್ಲ, ಏಕೆಂದರೆ ಹೊರಹಾಕಲು ಅಲ್ಲಿ ಏನೂ ಉಳಿದಿಲ್ಲ.

ಮೊದಲು ಗಡಿಯಾರವನ್ನು ನೋಡೋಣ. ವಿಶ್ರಾಂತಿಯಲ್ಲಿರುವಾಗ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ (ಅಣುಗಳ ಪ್ರಮಾಣದ ಅಳತೆ) ಲ್ಯಾಕ್ಟೇಟ್, ಅಂದರೆ ದೇಹದೊಳಗೆ ಲ್ಯಾಕ್ಟಿಕ್ ಆಮ್ಲ ತಾಳುವ ರೂಪ, ಇರುತ್ತದೆ. ಪಕ್ಕದವರೊಡನೆ ಮಾತನಾಡುತ್ತಾ ಓಡಬಲ್ಲ ಲಾಂಗ್ ರನ್ ವೇಗದಲ್ಲಿ ಅದು 1 ಅಥವಾ 2ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ನೀವು 28 ಕಿಲೋಮೀಟರ್ ಓಡಿದ್ದು ಹೌದು, ಆದರೆ ಆ ಓಟದಲ್ಲಿ ಲ್ಯಾಕ್ಟೇಟ್ ಏರಿದ್ದೇ ಅಷ್ಟಕ್ಕಷ್ಟೆ. ನಿಜವಾಗಿ ಏರುವುದು 400 ಮೀಟರ್ ಓಟಗಾರರಲ್ಲಿ. ಅವರ ರಕ್ತದಲ್ಲಿ ಅದು 15 ಮಿಲಿಮೋಲನ್ನು ದಾಟುವುದು ಸಾಮಾನ್ಯ. ಹಾಗೆ ಏರಿದ್ದು ಕೂಡ ಒಂದು ಗಂಟೆಯ ಆಚೀಚೆ ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿದುಬಿಡುತ್ತದೆ, ಓಟದ ನಂತರ ನಿಧಾನವಾಗಿ ಜಾಗ್ ಮಾಡಿದರೆ ಇನ್ನೂ ಬೇಗ. ಲ್ಯಾಕ್ಟೇಟೇ ನೋವಿನ ಮೂಲವಾಗಿದ್ದರೆ 400 ಮೀಟರ್ ಓಡಿದವರು ಮೂರು ದಿನ ಹಾಸಿಗೆ ಬಿಟ್ಟು ಏಳಬಾರದಿತ್ತು, ನಾವು ಮ್ಯಾರಥಾನಿನವರು ಮರುದಿನ ಕುಣಿಯಬೇಕಿತ್ತು. ನಡೆಯುವುದು ಇದಕ್ಕೆ ತದ್ವಿರುದ್ಧ. ಭಾನುವಾರ ಬೆಳಿಗ್ಗೆಯೇ ಊರು ಬಿಟ್ಟವನ ಮೇಲೆ ಮಂಗಳವಾರದ ಕಳ್ಳತನವನ್ನು ಹೊರಿಸುವುದಾದರೂ ಹೇಗೆ?

ಲೆಕ್ಕ ಸಾಲದು, ಪುರಾವೆ ಬೇಕು ಎನ್ನುವವರಿಗಾಗಿ 1983ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅದರಲ್ಲಿ ಟ್ರೆಡ್‌ಮಿಲ್ ಮೇಲೆ 45 ನಿಮಿಷಗಳ ಎರಡು ಬಗೆಯ ಓಟಗಳನ್ನು ಹೋಲಿಸಿದ್ದರು: ಒಂದು ಸಮತಟ್ಟಿನಲ್ಲಿ, ಇನ್ನೊಂದು ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ಇಳಿಜಾರಿನಲ್ಲಿ. ಸಮತಟ್ಟಿನ ಓಟದಲ್ಲಿ ಲ್ಯಾಕ್ಟೇಟ್ ಏರಿತು, ಆದರೆ ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ಮುಂದಿನ ದಿನಗಳಲ್ಲಿ ನೋವು ಮಾತ್ರ ಚೆನ್ನಾಗಿಯೇ ಬಂತು. ಇಷ್ಟು ಸರಳವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ನಂಬಿಕೆಯನ್ನು ನೆಲಕ್ಕುರುಳಿಸಿದ ಪ್ರಯೋಗಗಳು ಅಪರೂಪ. ನಾಲ್ಕು ದಶಕ ಕಳೆದ ಮೇಲೂ ಆ ನಂಬಿಕೆ ಮೈಕೊಡವಿಕೊಂಡು ಎದ್ದು ನಿಲ್ಲುತ್ತಿರುವುದನ್ನು ನೋಡಿದರೆ ಬೇಸರದ ಜೊತೆಗೆ ಅದರ ಗಟ್ಟಿತನದ ಬಗ್ಗೆ ಒಂದು ಬಗೆಯ ಗೌರವವೂ ಮೂಡುತ್ತದೆ.

ಈ ನಂಬಿಕೆ ಹುಟ್ಟಿದ್ದು ಅವಿವೇಕಿಗಳಿಂದಲ್ಲ ಎಂಬುದನ್ನೂ ಹೇಳಬೇಕು. 1780ರಲ್ಲಿ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಹುಳಿ ಬಂದ ಹಾಲಿನಲ್ಲಿ ಈ ಆಮ್ಲವನ್ನು ಗುರುತಿಸಿದ. ಹೆಸರೂ ಹಾಲಿನಿಂದಲೇ ಬಂತು. 1907ರಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ಬೇರ್ಪಡಿಸಿ, ಅದು ದಣಿಯುವವರೆಗೂ ಪ್ರಚೋದಿಸಿ, ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಂಡಿರುವುದನ್ನು ತೋರಿಸಿದರು. ಸ್ನಾಯುವಿನಲ್ಲಿ ಈ ಆಮ್ಲ ಹುಟ್ಟಿ ಕರಗುವ ಬಗೆಯ ಮೇಲಿನ ಮುಂದಿನ ಅಧ್ಯಯನಗಳು ಮೇಯರ್‌ಹಾಫ್ ಮತ್ತು ಹಿಲ್ ಅವರಿಗೆ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ತಂದುಕೊಟ್ಟವು. ದಣಿವು ಇದ್ದಲ್ಲಿ ಆಮ್ಲ ಇದೆ, ಆದ್ದರಿಂದ ಆಮ್ಲವೇ ದಣಿವಿಗೆ ಕಾರಣ, ದಣಿವಿಗೆ ಕಾರಣವಾದದ್ದು ನೋವಿಗೂ ಕಾರಣವಿರಬೇಕು ಎಂದು ಜನ ಒಂದೊಂದೇ ಮೆಟ್ಟಿಲು ಜಾರಿದರು. ಅವರು ಮರೆತದ್ದೊಂದೇ: ಕತ್ತರಿಸಿಟ್ಟ ಕಪ್ಪೆಯ ಕಾಲಿನಲ್ಲಿ ರಕ್ತ ಹರಿಯುವುದಿಲ್ಲ. ಅಲ್ಲಿ ಹುಟ್ಟಿದ್ದಕ್ಕೆ ಹೋಗಲು ದಾರಿಯಿಲ್ಲ. ನಿಮ್ಮ ಕಾಲಿನಲ್ಲಿ ದಾರಿ ಇದೆ.

ಆ ದಾರಿಯಲ್ಲಿ ಹೊರಟದ್ದು ಚರಂಡಿಗೆ ಹೋಗುವ ಕೊಳೆಯಲ್ಲ ಎಂಬುದು ಇನ್ನೂ ಸ್ವಾರಸ್ಯಕರ ಸಂಗತಿ. ದೇಹದೊಳಗೆ ಅದು ಆಮ್ಲವಾಗಿ ಉಳಿಯುವುದೇ ಇಲ್ಲ, ಬಹುಪಾಲು ಲ್ಯಾಕ್ಟೇಟ್ ರೂಪದಲ್ಲಿರುತ್ತದೆ. ಆ ಲ್ಯಾಕ್ಟೇಟನ್ನು ಹೃದಯ ಇಂಧನವಾಗಿ ಉರಿಸುತ್ತದೆ, ಪಕ್ಕದ ಸ್ನಾಯುತಂತುಗಳು ಉರಿಸುತ್ತವೆ, ಯಕೃತ್ತು ಮತ್ತೆ ಗ್ಲೂಕೋಸ್ ಆಗಿ ಪರಿವರ್ತಿಸುತ್ತದೆ. ಈ ಕೊನೆಯ ಮಾರ್ಗಕ್ಕೆ ಅದನ್ನು ವಿವರಿಸಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಹೆಸರೇ ಇದೆ. ಒಂದು ಕಡೆ ತಯಾರಾದ ಲ್ಯಾಕ್ಟೇಟ್ ಇನ್ನೊಂದು ಕಡೆ ಬಳಕೆಯಾಗುವ ಈ ಸಾಗಾಟವನ್ನು 1980ರ ದಶಕದಿಂದ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಹೀಗಿರುವಾಗ ಸ್ನಾಯುವಿನ ಮೇಲೆ ಉರುಳಿಸುವ ಫೋಮ್ ರೋಲರಿನಿಂದ ಲ್ಯಾಕ್ಟಿಕ್ ಆಮ್ಲವನ್ನು “ಹಿಂಡಿ ತೆಗೆಯುವ” ಮಾತು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅದು ಸ್ನಾಯುವಿನಲ್ಲಿ ಹರಳುಗಟ್ಟಿದೆ, ಮಸಾಜ್ ಮಾಡಿ ಹರಳು ಒಡೆಯಬೇಕು ಎನ್ನುವವರೂ ಇದ್ದಾರೆ. ಹರಳು ಇಲ್ಲವೇ ಇಲ್ಲ.

ನ್ಯಾಯಕ್ಕಾಗಿ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಇಂಟರ್ವಲ್‌ಗಳ, ಅಂದರೆ ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಸುತ್ತುಗಳ, ಕೊನೆಯ ಸುತ್ತಿನಲ್ಲಿ ಕಾಲು ಉರಿಯುತ್ತದಲ್ಲ, ಆ ಉರಿಯಲ್ಲಿ ಲ್ಯಾಕ್ಟೇಟಿನ ಪಾಲು ಇರಬಹುದು. 2014ರ ಒಂದು ಪ್ರಯೋಗದಲ್ಲಿ ಹೆಬ್ಬೆರಳಿನ ಬುಡದ ಸ್ನಾಯುವಿಗೆ ಲ್ಯಾಕ್ಟೇಟ್, ಆಮ್ಲೀಯ ದ್ರಾವಣ ಮತ್ತು ಎಟಿಪಿ (ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣು) ಗಳನ್ನು ಚುಚ್ಚಿ ನೋಡಿದರು. ಒಂದೊಂದನ್ನೇ ಕೊಟ್ಟಾಗ ಏನೂ ಆಗಲಿಲ್ಲ. ಮೂರನ್ನೂ ಒಟ್ಟಿಗೆ ಕೊಟ್ಟಾಗ, ಓಡದೆ, ಕೈಯಾಡಿಸದೆ, ಸುಮ್ಮನೆ ಕುಳಿತಿದ್ದವರಿಗೆ ಹೆಬ್ಬೆರಳು ದಣಿದಂತಾಯಿತು, ಪ್ರಮಾಣ ಹೆಚ್ಚಿದಾಗ ನೋಯಿತು. ಆದರೆ ಓಟ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಆ ಉರಿ ಆರುತ್ತದೆ. ನೀವು ಕೇಳುತ್ತಿರುವುದು ಬೇರೆಯೇ ನೋವು, 24ರಿಂದ 72 ಗಂಟೆಗಳ ನಡುವೆ ಶಿಖರ ಮುಟ್ಟುವ ನೋವು.

ಅದರ ನಿಜವಾದ ಮೂಲದತ್ತ 1902ರಲ್ಲೇ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಥಿಯೋಡರ್ ಹಫ್ ಬೆರಳು ತೋರಿಸಿದ್ದರು: ಸ್ನಾಯುವಿನೊಳಗೆ ಸೂಕ್ಷ್ಮವಾಗಿ ಏನೋ ಹರಿದಿದೆ ಎಂದು. ಸ್ನಾಯು ಬಿಗಿದುಕೊಂಡೇ ಉದ್ದವಾಗಬೇಕಾದಾಗ ಈ ಹಾನಿ ಹೆಚ್ಚು. ಇಳಿಜಾರಿನಲ್ಲಿ ಪಾದ ನೆಲ ಮುಟ್ಟಿದ ಕ್ಷಣ ಮೊಣಕಾಲು ಮಡಚುತ್ತದೆ, ತೊಡೆಯ ಮುಂಭಾಗದ ಸ್ನಾಯು ಬ್ರೇಕಿನಂತೆ ಹಿಡಿದುಕೊಂಡೇ ಹಿಗ್ಗುತ್ತದೆ. ಹೀಗೆ ಸಾವಿರಾರು ಸಲ ಆದಾಗ ತಂತುಗಳ ಒಳಜೋಡಣೆ ಅಲ್ಲಲ್ಲಿ ಕದಡುತ್ತದೆ, ದುರಸ್ತಿಗಾಗಿ ಉರಿಯೂತ ಶುರುವಾಗುತ್ತದೆ, ಅದರ ರಾಸಾಯನಿಕಗಳು ನರದ ತುದಿಗಳನ್ನು ಸೂಕ್ಷ್ಮವಾಗಿಸುತ್ತವೆ. ಈ ಕೆಲಸಕ್ಕೆಲ್ಲ ಸಮಯ ಬೇಕಾದ್ದರಿಂದಲೇ ನೋವು ತಡವಾಗಿ ಬರುತ್ತದೆ. ನನ್ನ ಮೊದಲ ಮ್ಯಾರಥಾನ್ ಮುಗಿದ ಮೂರನೆಯ ಬೆಳಿಗ್ಗೆ ನಾನು ಕಂಬಿ ಹಿಡಿದು, ಬೆನ್ನು ಮುಂದೆ ಮಾಡಿ, ಹಿಮ್ಮುಖವಾಗಿ ಮೆಟ್ಟಿಲು ಇಳಿದಿದ್ದೆ. ಹತ್ತುವಾಗ ಅಷ್ಟೇನೂ ನೋಯದ ಅದೇ ಕಾಲು ಇಳಿಯುವಾಗ ಕೈಕೊಡುತ್ತಿತ್ತು. ಇಳಿಯುವುದು ಮತ್ತದೇ ಬ್ರೇಕಿನ ಕೆಲಸ. ಕಾರಣ ತಿಳಿದುಕೊಳ್ಳಲು ಆ ಮೆಟ್ಟಿಲಿಗಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಗಲಿಲ್ಲ.

ಪರಿಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇರುವುದೂ ಕಡಿಮೆಯೇ. ಸ್ಟ್ರೆಚಿಂಗ್ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿದ 2011ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಸಂಸ್ಥೆ) ಸಮೀಕ್ಷೆಯಲ್ಲಿ, ನೋವನ್ನು ನೂರಕ್ಕೆ ಅಳೆದಾಗ ಕಡಿಮೆಯಾದದ್ದು ಬೆರಳೆಣಿಕೆಯ ಅಂಕಗಳಷ್ಟೇ. ಮಸಾಜ್ ಮತ್ತು ತಣ್ಣೀರು ನೋವಿನ ಅನುಭವವನ್ನು ಸ್ವಲ್ಪ ತಗ್ಗಿಸುತ್ತವೆ. ಹಿತವಾಗಿದ್ದರೆ ಮಾಡಿ, ಆಮ್ಲದ ಹೆಸರಿನಲ್ಲಿ ಬೇಡ. ನಿದ್ದೆ, ಊಟ, ನಿಧಾನ ನಡಿಗೆ, ಮೂರು ನಾಲ್ಕು ದಿನ. ಓಟದ ನಡುವೆ ನೋವಿನ ಮಾತ್ರೆ ನುಂಗುವುದನ್ನಂತೂ ಬಿಡಿ, ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್‌ನಂಥವು ಮೂತ್ರಪಿಂಡಕ್ಕೆ ಭಾರ. ನೋವು ಒಂದೇ ಬಿಂದುವಿನಲ್ಲಿ ಚುಚ್ಚುತ್ತಿದ್ದರೆ, ಒಂದೇ ಕಾಲಿನಲ್ಲಿದ್ದರೆ, ವಾರ ಕಳೆದರೂ ಇಳಿಯದಿದ್ದರೆ ಅದು ಈ ಲೇಖನದ ನೋವಲ್ಲ. ಮೂತ್ರ ಕೋಲಾದಂತೆ ಕಂದು ಬಣ್ಣಕ್ಕೆ ತಿರುಗಿದರೆ ಓದುವುದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಇಲ್ಲಿಯವರೆಗೆ ಬಂದ ಮೇಲೆ ಯಾರೂ ಕೇಳದ, ಕೇಳಬೇಕಿದ್ದ ಪ್ರಶ್ನೆಯೊಂದಿದೆ: ಈ ನೋವನ್ನು ಮೊದಲೇ ತಡೆಯಬಹುದೇ? ಸಾಕಷ್ಟು ಮಟ್ಟಿಗೆ ತಡೆಯಬಹುದು. ಒಮ್ಮೆ ಇಳಿಜಾರು ಓಡಿ ನೊಂದ ಸ್ನಾಯು ಮುಂದಿನ ಬಾರಿ ಅದೇ ಕೆಲಸಕ್ಕೆ ತುಂಬಾ ಕಡಿಮೆ ನೋಯುತ್ತದೆ, ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಬೋಸ್ಟನ್ ಮ್ಯಾರಥಾನನ್ನು ತೆಗೆದುಕೊಳ್ಳಿ. ಆರಂಭಕ್ಕಿಂತ ಅಂತ್ಯ ಸುಮಾರು 140 ಮೀಟರ್ ಕೆಳಗಿದೆ. ದಾಖಲೆಗೆ ಒಪ್ಪಿತವಾದ ಇಳಿತ ಕಿಲೋಮೀಟರಿಗೆ ಒಂದೇ ಮೀಟರ್, ಅಂದರೆ ಒಟ್ಟು 42. ಆರಂಭದಿಂದ ಅಂತ್ಯದವರೆಗೆ ಒಂದೇ ದಿಕ್ಕಿನಲ್ಲಿ ಸಾಗುವ ಮಾರ್ಗವೆಂಬ ತೊಡಕೂ ಸೇರಿ, 2011ರಲ್ಲಿ ಕೆನ್ಯಾದ ಜೆಫ್ರಿ ಮುಟಾಯ್ ಅಲ್ಲಿ ಓಡಿದ 2 ಗಂಟೆ 3 ನಿಮಿಷ 2 ಸೆಕೆಂಡು ವಿಶ್ವದಾಖಲೆಯಾಗಲಿಲ್ಲ. ಇಂಥ ಮಾರ್ಗವನ್ನು ಸುಲಭವೆಂದುಕೊಂಡು ಮೊದಲರ್ಧದ ಇಳಿಜಾರಿನಲ್ಲಿ ಹಾರಿದವರು 26ನೆಯ ಕಿಲೋಮೀಟರಿನ ನಂತರ ಬರುವ ನ್ಯೂಟನ್ ಎಂಬಲ್ಲಿನ ಏರುಗಳಲ್ಲಿ ತೊಡೆಯೇ ಇಲ್ಲದಂತೆ ನಿಂತುಬಿಡುತ್ತಾರೆ, ಉಸಿರು ಮಾತ್ರ ಚೆನ್ನಾಗಿಯೇ ಇರುತ್ತದೆ. ಇಳಿಜಾರಿನ ಅಭ್ಯಾಸ ಮಾಡಿದವರಿಗೆ ಅದೇ ಮಾರ್ಗ ಬೇರೆಯಾಗಿ ಕಾಣುತ್ತದೆ.

ಶೂ ಬದಲಿಸುವಾಗಲೂ ಇದೇ ನಿಯಮ ಅನ್ವಯಿಸುತ್ತದೆ. ಹಿಮ್ಮಡಿ ಮತ್ತು ಬೆರಳಿನ ನಡುವಿನ ಎತ್ತರದ ವ್ಯತ್ಯಾಸ 10 ಮಿಲಿಮೀಟರ್ ಇದ್ದ ಶೂ ಬಿಟ್ಟು 4 ಮಿಲಿಮೀಟರಿನದಕ್ಕೆ ಹೋದರೆ ಹೊರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿನತ್ತ ಸರಿಯುತ್ತದೆ; ಮರುದಿನ ಮೀನಖಂಡ ಹಿಡಿದುಕೊಂಡು ಹೊಸ ಶೂ ಸರಿಯಿಲ್ಲ ಎನ್ನುವ ಮೊದಲು ಅದನ್ನು ಎರಡು ಮೂರು ವಾರ ಚಿಕ್ಕ ಓಟಗಳಲ್ಲಿ ಮಾತ್ರ ಹಾಕಿ ನೋಡಿ. ಪ್ರಶ್ನೆ ಕೇಳಿದ ಓದುಗರಿಗೆ ನನ್ನ ಲೆಕ್ಕ ಹೀಗೆ: ಬುಧವಾರ ನಡಿಗೆ, ಗುರುವಾರ ಮೆಟ್ಟಿಲು ಆರಾಮವಾಗಿ ಇಳಿಯಲಾದರೆ ಐದು ಕಿಲೋಮೀಟರ್ ನಿಧಾನದ ಓಟ. ಮುಂದಿನ ವಾರದಿಂದ ಸೌಮ್ಯವಾದ ಇಳಿಜಾರಿನಲ್ಲಿ ಒಂದೊಂದು ನಿಮಿಷದ ನಾಲ್ಕು ಓಟಗಳಿಂದ ಆರಂಭಿಸಿ ವಾರಕ್ಕೆ ಎರಡರಂತೆ ಹೆಚ್ಚಿಸುತ್ತಾ ಹೋಗಿ, ರೇಸಿಗೆ ಎರಡೂವರೆ ವಾರ ಉಳಿದಾಗ ಇಳಿಜಾರನ್ನು ಪೂರ್ತಿ ನಿಲ್ಲಿಸಿ.